ಜೇಬಿನ ಪಂಪು

ಒಗ್ಗರಣೆಯ ಹೊಗೆಯಲ್ಲಿ ನಿಂತು ದುಡಿಯುವ ಹೊಟೇಲು ಬಂಧುಗಳಿಗೂ, ಹತ್ತಿಯ ಧೂಳನ್ನು ವರ್ಷಗಟ್ಟಲೆ ಕುಡಿದ ಗಿರಣಿಯ ಹಿರಿಯರಿಗೂ ಉಬ್ಬಸವೆಂದರೇನೆಂದು ನಾವು ಹೇಳಬೇಕಾದ್ದಿಲ್ಲ. ಆದರೆ ಅಂಗಿಯ ಜೇಬಿನಲ್ಲಿರುವ ಇನ್ಹೇಲರ್ ಪಂಪಿನ ವಿಷಯ ಎರಡು ಮಾತು ಆಡಲೇಬೇಕಾಗಿದೆ.

ಅದರಲ್ಲಿರುವ ಸಾಲ್ಬುಟಮಾಲ್ ಬಿಗಿದ ಶ್ವಾಸನಾಳವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಒಳಗಿನ ಬಾವನ್ನು ಮಾತ್ರ ಮುಟ್ಟುವುದಿಲ್ಲ. ಇಂಗ್ಲೆಂಡಿನಲ್ಲಿ 1960ರ ದಶಕದಲ್ಲಿ ಐಸೋಪ್ರಿನಲಿನ್ ಎಂಬ ಹಳೆಯ ಮದ್ದಿನ ಪಂಪುಗಳ ಬಳಕೆ ಏರಿದ ಕಾಲದಲ್ಲೇ ಉಬ್ಬಸದ ಸಾವುಗಳೂ ಏರಿದ್ದವು. ಇಂತಹ ಪಂಪೊಂದನ್ನೇ ನೆಚ್ಚಬಾರದು, ಬಾವಿಳಿಸುವ ಸ್ಟೀರಾಯ್ಡ್ ಪಂಪೂ ಬೇಕೆಂದು 2019ರಿಂದ ಅಂತರರಾಷ್ಟ್ರೀಯ ವೈದ್ಯಮಾರ್ಗಸೂಚಿಯೇ ಹೇಳುತ್ತಿದೆ. ಸ್ಟೀರಾಯ್ಡ್ ಎಂದೊಡನೆ ಬೆದರುವವರು ನಮ್ಮಲ್ಲಿ ಬಹಳ. ಸೇದುವ ಮದ್ದಿನ ಪ್ರಮಾಣ ಅತ್ಯಲ್ಪ. ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರಾಯಿತು.

ಸೇದುವ ಕ್ರಮದಲ್ಲೂ ತಪ್ಪುಗಳಿವೆ. ಡಬ್ಬಿಯನ್ನು ಕುಲುಕಿ, ಉಸಿರು ಹೊರಬಿಟ್ಟು, ತುಟಿ ಬಿಗಿಹಿಡಿದು, ನಿಧಾನವಾಗಿ ಒಳಗೆಳೆಯಲು ತೊಡಗುವಾಗಲೇ ಒಮ್ಮೆ ಒತ್ತಬೇಕು. ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಇನ್ನೊಂದು ಬೇಕಾದರೆ ಅರ್ಧ ನಿಮಿಷ ತಾಳಬೇಕು. ಅವಸರದಲ್ಲಿ ಒತ್ತಿದ ಮದ್ದು ನಾಲಗೆಗೆ ಹೋಗುತ್ತದೆ, ಎದೆಗಲ್ಲ.

ಡಬ್ಬಿಯೊಂದಕ್ಕೆ ಸಾಮಾನ್ಯವಾಗಿ 200 ಒತ್ತು. ವರ್ಷಕ್ಕೆ ಮೂರು ಡಬ್ಬಿ ಖಾಲಿಯಾದರೂ ರೋಗ ಹತೋಟಿಯಲ್ಲಿಲ್ಲವೆಂದೇ ಅರ್ಥ. ಆಗ ಹೋಗಬೇಕಾದುದು ಔಷಧದಂಗಡಿಗಲ್ಲ, ಡಾಕ್ಟರರ ಬಳಿಗೆ. ಇ.ಎಸ್.ಐ. ಇದ್ದವರಿಗೆ ಖರ್ಚಿನ ನೆಪವೂ ಸಲ್ಲದು. ಕೋಣೆಯ ಗೆಳೆಯನ ಪಂಪನ್ನು ದಿನವೂ ಎರವಲು ಸೇದುವ ಸ್ನೇಹವನ್ನು ನಾವು ಮೆಚ್ಚಲಾರೆವು.

ಸೇದಿದರೂ ದಮ್ಮು ಇಳಿಯದೆ ಮಾತು ತುಂಡಾಗುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಪಾಳಿ ಮುಗಿಯಲೆಂದು ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಿರಿ. ಮಾಲೀಕರು ಒಪ್ಪಿಗೆ ಕೊಡುವರೋ ಎಂದು ಆಗ ಯಾರೂ ಕೇಳಬೇಕಾಗಿಲ್ಲ.