ಉಪಕರಣದ ವಿವರಣೆಯೂ ಪಂಚನಾಮೆಯಂತಿರಲಿ

ಮಹಾರಾಷ್ಟ್ರ ಸರ್ಕಾರದ ಗೃಹ ಇಲಾಖೆಯ ಅಪರ ಮುಖ್ಯ ಕಾರ್ಯದರ್ಶಿಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕರ್ನಾಟಕದಲ್ಲಿ ಮಹಜರು ಎನ್ನುವುದನ್ನು ಮುಂಬಯಿಯಲ್ಲಿ ಪಂಚನಾಮೆ ಎನ್ನುತ್ತಾರೆ. ಆಂಟಾಪ್ ಹಿಲ್‌ನ ಕೇಂದ್ರ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಬಾಳಿದ ಕನ್ನಡಿಗರಿಗೆ ಎರಡೂ ಪದ ಗೊತ್ತು. ಬೀಗ ಮುರಿದಿತ್ತೋ ತೆರೆದಿತ್ತೋ, ಮೊಬೈಲ್ ಯಾವ ಸ್ಥಿತಿಯಲ್ಲಿ ಸಿಕ್ಕಿತು, ಯಾರೆದುರು ಸೀಲ್ ಆಯಿತು, ಇಂಥ ಕಣ್ಣಿಗೆ ಕಂಡ ಸಂಗತಿಗಳಷ್ಟೇ ಪಂಚನಾಮೆಯಲ್ಲಿರಬೇಕು. ಊಹೆಗೆ ಜಾಗವಿಲ್ಲ. ಈ ಹಳೆಯ ಶಿಸ್ತನ್ನು ಹೊಸದೊಂದು ಜಾಗಕ್ಕೂ ತನ್ನಿರೆಂದು ಕೇಳುವುದಕ್ಕೆ ಈ ಪತ್ರ.

ನಾಗಪುರದ 23 ಠಾಣೆಗಳಲ್ಲಿ ಮೊದಲು ಬಳಕೆಗೆ ಬಂದ ‘ಮಹಾಕ್ರೈಮ್‌ಓಎಸ್ ಎಐ’ ವೇದಿಕೆಯನ್ನು ರಾಜ್ಯದ ಸುಮಾರು 1,100 ಠಾಣೆಗಳಿಗೂ ವಿಸ್ತರಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಘೋಷಣೆಯಾಯಿತು. ತನಿಖೆಗೆ ಎಐ ನೆರವು ಬೇಡವೆಂದು ಯಾರೂ ಹೇಳಲಾರರು. ಆದರೆ ಇಂದು ದಾಖಲೆ ಓದಿ ಸಾರಾಂಶ ಕೊಡುವ ಯಂತ್ರ ನಾಳೆ ವಶಪಡಿಸಿಕೊಂಡ ಲ್ಯಾಪ್‌ಟಾಪಿನ ಪ್ರತಿಯನ್ನೂ ಶೋಧಿಸಲು ಕುಳಿತಾಗ ಏನಾಗುತ್ತದೆ ಎಂಬುದನ್ನು ಈಗಲೇ ಯೋಚಿಸಬೇಕು.

ಇಂಥ ಯಂತ್ರ, ಅಂದರೆ ಎಐ ಏಜೆಂಟ್, ತಾನಾಗಿ ಹಾರ್ಡ್ ಡಿಸ್ಕ್ ಓದುವುದಿಲ್ಲ. ಅದರ ಮುಂದೆ ಉಪಕರಣಗಳ ಪಟ್ಟಿಯೊಂದಿರುತ್ತದೆ: ಪ್ರತಿಯೊಂದಕ್ಕೂ ಒಂದು ಹೆಸರು, ಕೆಲವು ಸಾಲುಗಳ ವಿವರಣೆ, ಅದಕ್ಕೆ ಕೊಡಬೇಕಾದ ಮಾಹಿತಿಯ ನಮೂನೆ. 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೊಪಿಕ್ ಪ್ರಕಟಿಸಿದ, ಏಜೆಂಟ್‌ಗೆ ಉಪಕರಣಗಳನ್ನು ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್‌ನ ಏರ್ಪಾಡೂ ಹೀಗೇ ಇದೆ. ಯಾವುದನ್ನು ಬಳಸಬೇಕೆಂದು ಏಜೆಂಟ್ ತೀರ್ಮಾನಿಸುವುದು ಮುಖ್ಯವಾಗಿ ಆ ಸಾಲುಗಳನ್ನು ಓದಿ. ಅಲ್ಲಿ ಬರೆಯದೆ ಬಿಟ್ಟದ್ದನ್ನು ಅದು ಊಹಿಸಿಕೊಳ್ಳುತ್ತದೆ.

ವೊಲಟಿಲಿಟಿ ಎಂಬ ಉಚಿತ ತಂತ್ರಾಂಶವನ್ನೇ ನೋಡಿ. ಕಂಪ್ಯೂಟರಿನ ಮೆಮರಿಯಲ್ಲಿ ಯಾವ ಪ್ರೋಗ್ರಾಂಗಳು ಓಡುತ್ತಿದ್ದವೆಂದು ತೋರಿಸಲು ಅದರಲ್ಲಿ ‘ಪಿಎಸ್‌ಲಿಸ್ಟ್’, ‘ಪಿಎಸ್‌ಸ್ಕ್ಯಾನ್’ ಎಂಬ ಎರಡು ಉಪಕರಣಗಳಿವೆ. ಮೊದಲನೆಯದು ವಿಂಡೋಸ್ ತಾನೇ ಇಟ್ಟುಕೊಂಡ ಪಟ್ಟಿಯನ್ನು ಓದುತ್ತದೆ. ಎರಡನೆಯದು ಇಡೀ ಮೆಮರಿಯನ್ನು ಜಾಲಾಡಿ, ಆ ಪಟ್ಟಿಯಿಂದ ತನ್ನ ಹೆಸರು ಕಿತ್ತುಕೊಂಡು ಅಡಗಿದ ಪ್ರೋಗ್ರಾಂನ ಗುರುತನ್ನೂ ಹಿಡಿಯಬಲ್ಲದು. ಎರಡಕ್ಕೂ ‘ಪ್ರೋಗ್ರಾಂಗಳ ಪಟ್ಟಿ ಕೊಡುತ್ತದೆ’ ಎಂದಷ್ಟೇ ಬರೆದಿಟ್ಟರೆ ಏಜೆಂಟ್ ಮೊದಲನೆಯದನ್ನು ಓಡಿಸಿ, ‘ಅನುಮಾನಾಸ್ಪದವಾದದ್ದು ಏನೂ ಸಿಗಲಿಲ್ಲ’ ಎಂದು ವರದಿ ಬರೆದುಬಿಡಬಹುದು. ಯಾರೋ ಹೊರಗಿನವರು ನುಗ್ಗಿ ಕಡತ ಇಟ್ಟ ಕಂಪ್ಯೂಟರಿನ ಮಾಲೀಕ ಆ ಒಂದು ವಾಕ್ಯದಿಂದ ಜೈಲಿಗೆ ಹೋಗಬಹುದು. ಇಲ್ಲಿ ಬೇಕಾಗಿದ್ದದ್ದು ಒಂದೇ ಸಾಲು: ‘ಅಡಗಿಸಿಟ್ಟ ಪ್ರೋಗ್ರಾಂಗಳು ಇದಕ್ಕೆ ಕಾಣುವುದಿಲ್ಲ.’

ಸ್ಲೂತ್ ಕಿಟ್ ತಂತ್ರಾಂಶದ ಕತೆ ಇನ್ನೂ ಚಿಕ್ಕದು. ಡಿಸ್ಕಿನ ವಿಭಾಗ ಎಲ್ಲಿ ಶುರುವಾಗುತ್ತದೆಂದು ಅದಕ್ಕೆ ಸೆಕ್ಟರ್ ಲೆಕ್ಕದಲ್ಲಿ ಹೇಳಬೇಕು, ಉದಾಹರಣೆಗೆ 2048. ಲಿನಕ್ಸ್‌ನ ಮೌಂಟ್ ಆಜ್ಞೆಗೆ ಅದೇ ಜಾಗವನ್ನು ಬೈಟ್ ಲೆಕ್ಕದಲ್ಲಿ ಹೇಳಬೇಕು, ಅಂದರೆ 10,48,576. ಅಳತೆ ಯಾವುದೆಂದು ಬರೆಯದಿದ್ದರೆ ಯಂತ್ರಕ್ಕೇನು ಗೊತ್ತು?

ಎಲ್ಲಕ್ಕಿಂತ ಅಪಾಯದ್ದು ಗಡಿಯಾರ. ಆಂಡ್ರಾಯ್ಡ್‌ನಲ್ಲಿ ವಾಟ್ಸ್ಆ್ಯಪ್ ಸಂದೇಶದ ಸಮಯವನ್ನು 1970ರಿಂದ ಎಣಿಸುತ್ತಾರೆ, ಐಫೋನಿನಲ್ಲಿ 2001ರಿಂದ. ಐಫೋನಿನ ಸಮಯಕ್ಕೆ ಆಂಡ್ರಾಯ್ಡ್ ಲೆಕ್ಕ ಹಚ್ಚಿದರೆ 2025ರ ಸಂದೇಶ 1994ರದ್ದಾಗುತ್ತದೆ. ಈ ತಪ್ಪು ಯಾರ ಕಣ್ಣಿಗಾದರೂ ಬೀಳುತ್ತದೆ. ಐದೂವರೆ ಗಂಟೆಯ ತಪ್ಪು ಬೀಳುವುದಿಲ್ಲ. ಆಗಸ್ಟ್ 2ರ ರಾತ್ರಿ 12.15ಕ್ಕೆ ಆಂಟಾಪ್ ಹಿಲ್‌ನಿಂದ ಹೋದ ಸಂದೇಶ ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ) ಲೆಕ್ಕದಲ್ಲಿ ಆಗಸ್ಟ್ 1ರ ಸಂಜೆ 6.45ರದ್ದು. ‘ಸಮಯ ಯುಟಿಸಿಯಲ್ಲಿದೆ’ ಎಂಬ ಮಾತು ವಿವರಣೆಯಲ್ಲಿ ಇಲ್ಲದಿದ್ದರೆ ದಿನವೇ ಬದಲಾಗಿ, ಮನೆಯಲ್ಲಿದ್ದವನು ಬೇರೆಲ್ಲೋ ಇದ್ದಂತಾಗುತ್ತದೆ.

ನ್ಯಾಯಾಲಯದಲ್ಲಿ ಗಂಟೆಯ ಬೆಲೆ ಏನೆಂದು ಈ ರಾಜ್ಯಕ್ಕೆ ಹೇಳಿಕೊಡಬೇಕಿಲ್ಲ. ಜಾಲನಾ ಕ್ಷೇತ್ರದ 2014ರ ಚುನಾವಣೆಯಲ್ಲಿ ನಾಮಪತ್ರ ಮಧ್ಯಾಹ್ನ 3 ಗಂಟೆಯೊಳಗೆ ಸಲ್ಲಿಕೆಯಾಯಿತೇ ಎಂಬುದೇ ವಿವಾದವಾಗಿತ್ತು. ಚುನಾವಣಾಧಿಕಾರಿಯ ಕಚೇರಿಯ ವಿಡಿಯೊ ಚಿತ್ರೀಕರಣ ಸಾಕ್ಷ್ಯವಾಗಿ ಬಂತು. ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣವೆಂದು ಹೆಸರಾದ ಆ ವಿವಾದದ ಮೇಲ್ಮನವಿಯಲ್ಲಿ 2020ರ ಜುಲೈ 14ರಂದು ಸುಪ್ರೀಂ ಕೋರ್ಟ್, ಮೂಲ ಸಾಧನವನ್ನೇ ಹಾಜರುಪಡಿಸದಿದ್ದಾಗ ವಿದ್ಯುನ್ಮಾನ ಸಾಕ್ಷ್ಯಕ್ಕೆ ಪ್ರಮಾಣಪತ್ರ ಕಡ್ಡಾಯವೆಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ: ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ ನಮೂದಿಸಬೇಕು, ‘ಬಿ’ ಭಾಗಕ್ಕೆ ತಜ್ಞರು ಸಹಿ ಹಾಕಬೇಕು.

ಹ್ಯಾಶ್ ಹೇಳುವುದು ಪ್ರತಿ ಬದಲಾಗಿಲ್ಲವೆಂದು ಮಾತ್ರ. ಯಂತ್ರ ಎಲ್ಲಿ ಹುಡುಕಿತು, ಎಲ್ಲಿ ಹುಡುಕಲೇ ಇಲ್ಲ ಎಂಬುದನ್ನು ಅದು ಹೇಳದು. ಸಹಿ ಹಾಕುವ ಕಲೀನಾದ ವಿಧಿವಿಜ್ಞಾನ ಪ್ರಯೋಗಾಲಯದ ಅಧಿಕಾರಿಗೆ ಅದು ತಿಳಿಯದಿದ್ದರೆ ಆ ಸಹಿಗೆ ಅರ್ಥವೇನು?

ಆದ್ದರಿಂದ, ಮಾನ್ಯರೇ, ಮುಂದಿನ ಟೆಂಡರಿನಲ್ಲೇ ಒಂದು ಷರತ್ತು ಸೇರಿಸಿ. ಪ್ರತಿ ಉಪಕರಣದ ವಿವರಣೆಯಲ್ಲಿ ಅದು ಏನು ಮಾಡುತ್ತದೆ, ಏನನ್ನು ನೋಡಲಾರದು, ಯಾವ ಅಳತೆ, ಯಾವ ಗಡಿಯಾರ, ಮೂಲಕ್ಕೆ ಕೈ ಹಚ್ಚುತ್ತದೆಯೇ ಎಂಬುದು ಬಿಡಿಸಿ ಬರೆದಿರಲಿ. ‘ಸಿಗಲಿಲ್ಲ’ ಮತ್ತು ‘ಹುಡುಕಲಿಲ್ಲ’ ಎಂಬ ಉತ್ತರಗಳು ಬೇರೆ ಬೇರೆ ಇರಲಿ. ಈ ವಿವರಣೆಯನ್ನು ಮಾರಾಟಗಾರರೊಬ್ಬರೇ ಬರೆಯದೆ, ದಿನವೂ ಡಿಸ್ಕ್ ಬಿಚ್ಚುವ ಪರೀಕ್ಷಕರು ಓದಿ ತಿದ್ದಲಿ. ತನಿಖೆಯ ದಿನ ಜಾರಿಯಲ್ಲಿದ್ದ ವಿವರಣೆಯ ಪ್ರತಿ, ದಿನಾಂಕದ ಸಮೇತ, ದೋಷಾರೋಪ ಪಟ್ಟಿಯ ಜೊತೆಗೇ ಆರೋಪಿಯ ವಕೀಲರ ಕೈ ಸೇರಲಿ.

ಇಂತಿ,
ಆಂಟಾಪ್ ಹಿಲ್‌ನ ಒಬ್ಬ ಕನ್ನಡಿಗ ನಾಗರಿಕ