ಸೀಟು ಮೊದಲು, ದುಡ್ಡು ಆಮೇಲೆ

2025ರ ಅಂತ್ಯಕ್ಕೆ ಡಾಲರ್ 90 ರೂಪಾಯಿ ಮುಟ್ಟಿತು. 2005ರಲ್ಲಿ ಅದು 44ರ ಆಸುಪಾಸಿನಲ್ಲಿತ್ತು. 40 ಸಾವಿರ ಡಾಲರ್ ಖರ್ಚಿನ ಎಂ.ಎಸ್.ಗೆ ಆಗ ಹದಿನೇಳೂವರೆ ಲಕ್ಷ ಹೊಂದಿಸಿದ್ದರೆ ಸಾಕಿತ್ತು. ಶುಲ್ಕ ಒಂದು ಡಾಲರ್ ಕೂಡ ಏರಿಲ್ಲವೆಂದು ಇಟ್ಟುಕೊಂಡರೂ 90ರ ದರದಲ್ಲಿ 36 ಲಕ್ಷ ಬೇಕು. ಶುಲ್ಕ ಏರಿರುವುದಂತೂ ಗೊತ್ತೇ ಇದೆ. ರಾಜಾಜಿನಗರದಿಂದ ಕೆಂಗೇರಿವರೆಗಿನ ನಮ್ಮ ಪಶ್ಚಿಮ ಬೆಂಗಳೂರು ಈ ಇಪ್ಪತ್ತು ವರ್ಷ ಮಕ್ಕಳನ್ನು ಹೊರದೇಶಕ್ಕೆ ಕಳಿಸಿದ್ದು ಯಾರ ದುಡ್ಡಿನಲ್ಲಿ ಎಂದು ಕೇಳಿದರೆ, ವಿದ್ಯಾರ್ಥಿವೇತನದ ಹೆಸರು ಬರುವುದು ಅಪರೂಪ. ಕಳಿಸಿದ್ದು ಮನೆ.

ಮನೆ ಎಂದರೆ ಅಕ್ಷರಶಃ ಮನೆಯೇ. ನಗರ ಸುಧಾರಣಾ ಮಂಡಳಿಯ (ಸಿಐಟಿಬಿ) ಕಾಲದಲ್ಲೋ, 1976ರ ನಂತರ ಬಿಡಿಎಯಿಂದಲೋ ಹಂಚಿಕೆಯಾದ 30x40 ಸೈಟು, ಅದರ ಮೇಲೆ ಪಿ.ಎಫ್. ತೆಗೆದು ಕಟ್ಟಿಸಿದ ನೆಲಮಹಡಿ, ಬಾಡಿಗೆಗೆಂದು ಆಮೇಲೆ ಏರಿಸಿದ ಮೊದಲ ಮಹಡಿ. ಮೇ, ಜೂನ್ ತಿಂಗಳಲ್ಲಿ ವಿಜಯನಗರದ ಯಾವ ಬ್ಯಾಂಕಿನ ಸಾಲ ವಿಭಾಗಕ್ಕೆ ಹೋದರೂ ಅದೇ ನೋಟ: ನಿವೃತ್ತಿಗೆ ಎರಡು ಮೂರು ವರ್ಷ ಉಳಿದಿರುವ ಅಪ್ಪ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಒಳಗೆ ಕ್ರಯಪತ್ರ, ಇ.ಸಿ., ಖಾತಾ, ಕಂದಾಯ ಕಟ್ಟಿದ ರಸೀದಿ, ಮಂಜೂರಾದ ಪ್ಲಾನು. ಬ್ಯಾಂಕಿನ ವಕೀಲರು ಲೀಗಲ್ ಒಪೀನಿಯನ್ ಕೊಡಬೇಕು, ವ್ಯಾಲ್ಯುಯರ್ ಬಂದು ಮನೆ ನೋಡಬೇಕು. ಮಗಳ ವಿಶ್ವವಿದ್ಯಾಲಯದ ಪತ್ರ ಆ ಫೈಲಿನಲ್ಲಿ ಎಲ್ಲಕ್ಕಿಂತ ಕೆಳಗಿರುತ್ತದೆ. ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತವೆ. ಹೆಸರಾಂತ ಕೆಲವು ವಿಶ್ವವಿದ್ಯಾಲಯಗಳಿಗೆ ಮಾತ್ರ ವಿನಾಯಿತಿ.

ಇಲ್ಲೇ ನಮ್ಮ ಭಾಗ ಎರಡಾಗಿ ಒಡೆಯುವುದು. ರಾಜಾಜಿನಗರ, ಬಸವೇಶ್ವರನಗರದ ಎ ಖಾತಾ ಮನೆಗೆ ಸಾಲ ಹುಟ್ಟುತ್ತದೆ. ಕೆಂಗೇರಿ, ಉಲ್ಲಾಳದ ಕಡೆ ರೆವಿನ್ಯೂ ಸೈಟು ಕೊಂಡು ಕಟ್ಟಿಕೊಂಡವರದು ಬಿ ಖಾತಾ, ಅಂದರೆ ಪೂರ್ತಿ ಸಕ್ರಮವಾಗದ ಆಸ್ತಿ. ಮನೆ ಅಷ್ಟೇ ದೊಡ್ಡದಿರಬಹುದು, ಮಗ ಅಷ್ಟೇ ಜಾಣನಿರಬಹುದು, ಬ್ಯಾಂಕಿನ ವಕೀಲರು ಅಡ್ಡಡ್ಡ ತಲೆಯಾಡಿಸುತ್ತಾರೆ. ಆಗ ಉಳಿಯುವುದು ಹೆಚ್ಚು ಬಡ್ಡಿಯ ಬ್ಯಾಂಕೇತರ ಸಂಸ್ಥೆ, ಇಲ್ಲವೇ ಅಮ್ಮನ ಒಡವೆ. ಯಾರು ಕೇಂಬ್ರಿಜ್‌ಗೆ ಹೋಗಬೇಕೆಂಬುದನ್ನು ಪಾಲಿಕೆಯ ಖಾತಾ ವಹಿ ನಿರ್ಧರಿಸುವಂತಾದದ್ದು ನಮ್ಮ ಊರಿನ ವಿಚಿತ್ರಗಳಲ್ಲಿ ಒಂದು. 30 ಲಕ್ಷಕ್ಕೆ ಶೇ 10ರ ಬಡ್ಡಿ ಹಿಡಿದರೂ ತಿಂಗಳಿಗೆ 25 ಸಾವಿರ. ಓದುವಾಗ ಕಂತು ಕಟ್ಟಬೇಕಿಲ್ಲ ಎಂಬುದೇನೋ ನಿಜ, ಆದರೆ ಬಡ್ಡಿಗೆ ರಜೆ ಇಲ್ಲ.

ನಮಗಿಂತ ಹಿಂದಿನವರ ದಾರಿ ಬೇರೆ ಇತ್ತು. ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ವಿಜ್ಞಾನಿ ರಾಜಾ ರಾಮಣ್ಣ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಹೋದದ್ದು ಜೆ.ಎನ್. ಟಾಟಾ ದತ್ತಿಯ ನೆರವಿನಿಂದ. 1892ರಲ್ಲಿ ಶುರುವಾದ ಆ ದತ್ತಿ ಇಂದಿಗೂ ಇದೆ, ಅದು ಕೊಡುವುದು ಸಾಲರೂಪದ ವಿದ್ಯಾರ್ಥಿವೇತನ. ಧಾರವಾಡದ ಕರ್ನಾಟಕ ಕಾಲೇಜಿನಿಂದ ಬಂದ ಗಿರೀಶ ಕಾರ್ನಾಡರು 1960ರಲ್ಲಿ ರೋಡ್ಸ್ ವಿದ್ಯಾರ್ಥಿಯಾಗಿ ಆಕ್ಸ್‌ಫರ್ಡಿಗೆ ಹೋದರು. ಅನಂತಮೂರ್ತಿ ಮೈಸೂರಿನಲ್ಲಿ ಪಾಠ ಮಾಡುತ್ತಿದ್ದವರು ಕಾಮನ್‌ವೆಲ್ತ್ ವೇತನದಲ್ಲಿ ಬರ್ಮಿಂಗ್‌ಹ್ಯಾಮ್ ಸೇರಿದರು, ‘ಸಂಸ್ಕಾರ’ ಬರೆದದ್ದೂ ಅಲ್ಲೇ. ಇದನ್ನು ಸುವರ್ಣಯುಗವೆಂದು ಕೊಂಡಾಡುವ ಅಗತ್ಯವಿಲ್ಲ, ಹೋದವರು ಬೆರಳೆಣಿಕೆಯಷ್ಟು. ಆದರೆ ಆಗ ಹಣ ಸಿಕ್ಕಿದರೆ ಮಾತ್ರ ಪ್ರಯಾಣ. 1966ರಲ್ಲಿ ರೂಪಾಯಿ ಅಪಮೌಲ್ಯವಾದ ದೇಶದಲ್ಲಿ, ವಿದೇಶಿ ವಿನಿಮಯವನ್ನು ರಿಸರ್ವ್ ಬ್ಯಾಂಕ್ ಅಳೆದು ಸುರಿದು ಕೊಡುತ್ತಿದ್ದ ಕಾಲದಲ್ಲಿ, ಸ್ವಂತ ಖರ್ಚಿನಲ್ಲಿ ಓದುವ ಮಾತು ಮಧ್ಯಮ ವರ್ಗದ ಮನೆಯಲ್ಲಿ ಏಳುತ್ತಲೇ ಇರಲಿಲ್ಲ.

ತೊಂಬತ್ತರ ದಶಕದ ಎಂಜಿನಿಯರಿಂಗ್ ಹುಡುಗರಲ್ಲೂ ಆ ಅಭ್ಯಾಸ ಸ್ವಲ್ಪ ಉಳಿದಿತ್ತು. ಮೈಸೂರು ರಸ್ತೆಯ ಆರ್.ವಿ. ಕಾಲೇಜಿನ ಕ್ಯಾಂಟೀನಿನಲ್ಲಿ ‘ಏಡ್ ಬಂತಾ?’ ಎಂಬುದೇ ಮೊದಲ ಪ್ರಶ್ನೆ. ಟೀಚಿಂಗ್ ಅಸಿಸ್ಟೆಂಟ್‌ಶಿಪ್ ಸಿಗದಿದ್ದರೆ ಎಷ್ಟೋ ಜನ ಒಂದು ವರ್ಷ ತಡೆದು ಮತ್ತೆ ಅರ್ಜಿ ಹಾಕುತ್ತಿದ್ದರು. ಸಾಲ ಸುಲಭವಾದ ಮೇಲೆ ಪ್ರಶ್ನೆ ಬದಲಾಯಿತು, ಈಗ ಕೇಳುವುದು ‘ಅಡ್ಮಿಟ್ ಬಂತಾ?’ ಸೀಟು ಮೊದಲು, ದುಡ್ಡು ಆಮೇಲೆ. ಅಡ್ಮಿಟ್ ಕೈಗೆ ಬಂದ ಮೇಲೆ ವಿದ್ಯಾರ್ಥಿವೇತನ ಹುಡುಕುವುದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ದೊಡ್ಡ ವೇತನಗಳ ಅರ್ಜಿ ಅವಧಿ ಅಷ್ಟರಲ್ಲಿ ಮುಗಿದಿರುತ್ತದೆ.

ಈ ಅನುಕ್ರಮ ತಿರುಗಿದ್ದಕ್ಕೆ ಕನ್ಸಲ್ಟೆನ್ಸಿಗಳ ಪಾಲೂ ದೊಡ್ಡದು. ನಮ್ಮ ಮೆಟ್ರೊ ಕಂಬಗಳ ಮೇಲಿನ ಜಾಹೀರಾತು ನೋಡಿ. ಸಲಹೆ ಉಚಿತ ಎನ್ನುತ್ತಾರೆ, ಸುಳ್ಳೇನಲ್ಲ. ಅವರಿಗೆ ಕಮಿಷನ್ ಕೊಡುವುದು ಶುಲ್ಕ ಪಡೆಯುವ ವಿಶ್ವವಿದ್ಯಾಲಯ. ಬೋಧನಾ ಶುಲ್ಕವೇ ಇಲ್ಲದ ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯದಿಂದ ಯಾವ ಕಮಿಷನ್ ಬಂದೀತು? ಕಾಮನ್‌ವೆಲ್ತ್ ಅರ್ಜಿ ತುಂಬಿಸಿದರೆ ಯಾರು ದುಡ್ಡು ಕೊಟ್ಟಾರು? ಹಾಗಾಗಿ ಅಂಥ ದಾರಿಗಳು ಅವರ ಬಾಯಲ್ಲಿ ಬರುವುದು ಕಡಿಮೆ. ‘50 ಪರ್ಸೆಂಟ್ ಸ್ಕಾಲರ್‌ಶಿಪ್’ ಎಂದು ಅವರು ತೋರಿಸುವುದು ಬಹುಪಾಲು ಶುಲ್ಕದ ರಿಯಾಯಿತಿ. ದೀಪಾವಳಿ ಸೀರೆ ಅಂಗಡಿಯ ರಿಯಾಯಿತಿಯಂತೆ ಅದು ಮೂಲ ಬೆಲೆ ಎಷ್ಟೆಂಬುದನ್ನು ಅವಲಂಬಿಸಿದೆ.

ಜರ್ಮನಿಯ ವಿಷಯದಲ್ಲಿ ಇನ್ನೊಂದು ಗೊಂದಲವನ್ನೂ ಹೇಳಬೇಕು. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೊ ತೋರಿಸಬೇಕು, ನಮ್ಮ ಲೆಕ್ಕದಲ್ಲಿ 12 ಲಕ್ಷ ಸುಲಭವಾಗಿ ದಾಟುತ್ತದೆ. ಮನೆಯವರು ಇದನ್ನೇ ಶುಲ್ಕವೆಂದು ತಿಳಿದು ಕೈಬಿಟ್ಟ ಉದಾಹರಣೆಗಳಿವೆ. ಅದು ಹುಡುಗನದೇ ಹಣ, ತಿಂಗಳಿಗೆ 992 ಯೂರೊದಂತೆ ಅವನ ಕೈಗೇ ವಾಪಸು ಬರುತ್ತದೆ. ಎಲ್ಲ ಕಡೆ ಶುಲ್ಕ ಮಾಫಿ ಎಂದೂ ತಿಳಿಯಬಾರದು: ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೊ ಪಡೆಯುತ್ತಿದೆ, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ ಈಚೆಗೆ ಶುಲ್ಕ ಹಾಕಿದೆ. ಭಾಷೆ ಕಲಿಯಲು ಕೆಂಗೇರಿಯವರಿಗೆ 2021ರ ಆಗಸ್ಟಿನಿಂದ ನೇರಳೆ ಮಾರ್ಗವಿದೆ. ಬದಲಿಸದೆ ಇಂದಿರಾನಗರಕ್ಕೆ ಹೋದರೆ ಮ್ಯಾಕ್ಸ್ ಮುಲ್ಲರ್ ಭವನ ಅಲ್ಲೇ ಸಿ.ಎಂ.ಎಚ್. ರಸ್ತೆಯಲ್ಲಿದೆ.

ಸರ್ಕಾರದ ಹಣದ ಕಥೆ ಬೇಸರದ್ದು. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು 1913ರಲ್ಲಿ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷ ಕೊಟ್ಟದ್ದರಿಂದ ಅಂಬೇಡ್ಕರ್ ಕೊಲಂಬಿಯಾ ಸೇರಲು ಸಾಧ್ಯವಾಯಿತು. ಸ್ವತಂತ್ರ ಭಾರತ ಪರಿಶಿಷ್ಟ ಜಾತಿ ಮುಂತಾದವರಿಗೆಂದು 1954-55ರಲ್ಲಿ ಶುರು ಮಾಡಿದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ಇಡೀ ದೇಶಕ್ಕೆ ಇರುವ ಸ್ಥಾನ 125. 2025ರಲ್ಲಿ ಆಯ್ಕೆಯಾದ 106 ಮಂದಿಯಲ್ಲಿ ಮೊದಲಿಗೆ ಮಂಜೂರಾತಿ ಪತ್ರ ಸಿಕ್ಕಿದ್ದು 40 ಜನರಿಗೆ. ಉಳಿದವರಿಗೆ ಹಣ ಇದ್ದರೆ ನೋಡೋಣ ಎಂಬ ಉತ್ತರ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಸಾಲದ ಬಡ್ಡಿ ಭರಿಸುತ್ತಿದ್ದ ‘ಪಢೋ ಪರದೇಶ್’ 2022-23ರಿಂದ ನಿಂತೇಹೋಗಿದೆ. ನಮ್ಮ ರಾಜ್ಯದಲ್ಲಿ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಇದೆ, ನಿಗಮಗಳ ವಿದೇಶ ವ್ಯಾಸಂಗ ಸಾಲಗಳಿವೆ. ಸೆಪ್ಟೆಂಬರಿನಲ್ಲಿ ತರಗತಿ ಶುರುವಾಗುವ ಮಕ್ಕಳಿಗೆ ಮೇ ಒಳಗೆ ಆದೇಶ ಕೈಸೇರದಿದ್ದರೆ ಅವು ಇದ್ದೂ ಇಲ್ಲದಂತೆ. ವೀಸಾ ಸಂದರ್ಶನದಲ್ಲಿ ‘ಅರ್ಜಿ ಪರಿಶೀಲನೆಯಲ್ಲಿದೆ’ ಎಂಬ ಹಿಂಬರಹ ನಡೆಯುವುದಿಲ್ಲ.

ಅಮೆರಿಕದ ಮಟ್ಟಿಗೆ ಹೇಳಬೇಕಾದದ್ದು ಒಂದೇ: ಎಂ.ಎಸ್.ಗೆ ಮನೆ ದುಡ್ಡು ಕೊಡುತ್ತದೆ, ಪಿಎಚ್.ಡಿ.ಗೆ ವಿಭಾಗವೇ ವಿದ್ಯಾರ್ಥಿಗೆ ದುಡ್ಡು ಕೊಡುತ್ತದೆ. ಸಂಶೋಧನೆಯಲ್ಲಿ ಆಸೆ ಇರುವ ಹುಡುಗಿಯರೂ ‘ಮೊದಲು ಎಂ.ಎಸ್. ಮುಗಿಸಲಿ’ ಎಂಬ ನೆಂಟರ ಮಾತಿಗೆ ಸಾಲದಲ್ಲಿ ಬೀಳುತ್ತಿದ್ದಾರೆ. 2025ರಲ್ಲಿ ಅಲ್ಲಿನ ಸಂಶೋಧನಾ ಅನುದಾನ ಕಡಿತವಾಗಿ, ಕೆಲವು ಕಡೆ ಕೊಟ್ಟ ಪ್ರವೇಶವನ್ನೇ ಹಿಂತೆಗೆದುಕೊಂಡದ್ದೂ ಉಂಟು. ಆ ಬಾಗಿಲು ಕಿರಿದಾಗಿದೆ.

ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಿಂದ ಇಪ್ಪತ್ತಕ್ಕೂ ಹೆಚ್ಚು ರೋಡ್ಸ್ ವಿದ್ಯಾರ್ಥಿಗಳು ಹೋಗಿದ್ದಾರೆ. ಪಕ್ಕದಲ್ಲೇ ಇರುವ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಹಾಸ್ಟೆಲಿನಲ್ಲಿ ಆ ಅರ್ಜಿಯ ಸುದ್ದಿಯೇ ಇರುವುದಿಲ್ಲ. ಬುದ್ಧಿಯ ಅಂತರ ಅಂತ ನಾನು ಒಪ್ಪುವುದಿಲ್ಲ. ಕಾನೂನು ಶಾಲೆಯಲ್ಲಿ ಸೀನಿಯರ್ ಒಬ್ಬ ಎರಡು ವರ್ಷ ಮೊದಲೇ ಹೇಳಿರುತ್ತಾನೆ, ಪ್ರಬಂಧ ತಿದ್ದಿಕೊಡುತ್ತಾನೆ, ಅಧ್ಯಾಪಕರು ಶಿಫಾರಸು ಪತ್ರವನ್ನು ತಾವೇ ಬರೆಯುತ್ತಾರೆ. ನಮ್ಮ ಎಷ್ಟೋ ಕಾಲೇಜುಗಳಲ್ಲಿ ಆ ಪತ್ರವನ್ನು ವಿದ್ಯಾರ್ಥಿಯೇ ಬರೆದು ತರಬೇಕು, ಮೇಷ್ಟ್ರು ಸಹಿ ಹಾಕುತ್ತಾರೆ. ಓದುವವರಿಗೆ ಅದು ಎರಡನೇ ಸಾಲಿನಲ್ಲೇ ಗೊತ್ತಾಗುತ್ತದೆ.

ಅಂತಿಮ ವರ್ಷಕ್ಕೆ ಕಾಲಿಡುವವರು ಈ ಲೆಕ್ಕ ಬರೆದಿಟ್ಟುಕೊಳ್ಳಬಹುದು. ರೋಡ್ಸ್‌ಗೆ ವಯಸ್ಸಿನ ಮಿತಿ ಬಿಗಿ, ಅರ್ಜಿ ಕರೆಯುವುದು ಜೂನಿನ ಹೊತ್ತಿಗೆ, ಓದು ಶುರುವಾಗುವುದು ಮುಂದಿನ ವರ್ಷದ ಅಕ್ಟೋಬರಿನಲ್ಲಿ. ಬ್ರಿಟನ್ ಸರ್ಕಾರದ ಚೆವನಿಂಗ್ ಆಗಸ್ಟಿನಲ್ಲಿ ತೆರೆಯುತ್ತದೆ, ಎರಡು ವರ್ಷದ ಕೆಲಸದ ಅನುಭವ ಬೇಕು. ಅಮೆರಿಕದಲ್ಲಿ ಓದಲು ಕೊಡುವ ಫುಲ್‌ಬ್ರೈಟ್-ನೆಹರೂ ಸ್ನಾತಕೋತ್ತರ ವೇತನಕ್ಕೆ ಮೂರು ವರ್ಷದ ಅನುಭವ ಬೇಕು. ಡಿಗ್ರಿ ಮುಗಿದ ವರ್ಷವೇ ವಿಮಾನ ಹತ್ತಿಸಬೇಕೆಂಬ ಮನೆಯವರ ಅವಸರಕ್ಕೂ ಇವುಗಳ ನಿಯಮಕ್ಕೂ ತಾಳೆಯಾಗುವುದಿಲ್ಲ. ಎರಡು ಮೂರು ವರ್ಷ ಇಲ್ಲೇ ದುಡಿದು ಅರ್ಜಿ ಹಾಕುತ್ತೇನೆ ಎಂದು ಮಗಳು ಹೇಳಿದರೆ, ಕ್ರಯಪತ್ರವನ್ನು ಬೀರುವಿನಲ್ಲೇ ಬಿಟ್ಟು ಅವಳ ಮಾತು ಪೂರ್ತಿ ಕೇಳಿ.