ಏಳು ಕೀಲುಗಳ ಸಡಿಲು

ಓಡುತ್ತಿದ್ದ ವಾಹನ ನಿಂತುಬಿಟ್ಟರೆ ಅದರ ಒಡೆಯನು ಕೂಡಲೆ ಮೆಕ್ಯಾನಿಕ್ಕಿಗೆ ಹೇಳಿ ಕಳುಹಿಸುತ್ತಾನೆ. ಆದರೆ ವಾಹನವು ಓಡುತ್ತಲೇ ಇದ್ದು, ತಿರುಗಿಸಿದ ಕಡೆಗೆ ತಿರುಗುವುದಕ್ಕೆ ಕ್ಷಣಮಾತ್ರ ತಡಮಾಡಿದರೆ? ಅದನ್ನು ಯಾರೂ ಗಮನಿಸುವುದಿಲ್ಲ. ದಿನ ಕಳೆದಂತೆ ಕೈ ಆ ಸಡಿಲಿಗೆ ಹೊಂದಿಕೊಂಡುಬಿಡುತ್ತದೆ. ಹಳೆಯ ಜೀಪಿನ ನಿಜವಾದ ಅಪಾಯವಿರುವುದು ಈ ಹೊಂದಿಕೆಯಲ್ಲಿಯೇ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು 6 ಲಕ್ಷಕ್ಕೂ ಮಿಗಿಲಾಗಿ ತಯಾರಿಸಿದ ಈ ಗಾಡಿ, 1940ರ ದಶಕದ ಕೊನೆಯ ಹೊತ್ತಿಗೆ ಮಹೀಂದ್ರ ಸಂಸ್ಥೆಯ ಮೂಲಕ ಮುಂಬಯಿಯಲ್ಲಿಯೂ ಜೋಡಣೆಗೊಳ್ಳತೊಡಗಿತು. ಕೊಡಗಿನ ಕಾಫಿ ತೋಟಗಳಿಗೂ ಮಲೆನಾಡಿನ ಅಡಕೆ ತೋಟಗಳಿಗೂ ಹೋಗುವ ಕೆಸರುದಾರಿಗಳಲ್ಲಿ ಅದು ಮನೆಯವರಲ್ಲಿ ಒಬ್ಬನಂತೆ ದುಡಿಯಿತು. ಇಂದಿಗೂ ಮಾಂದಲಪಟ್ಟಿಯ ಬೆಟ್ಟಕ್ಕೆ ಪ್ರವಾಸಿಗಳನ್ನು ಹೊತ್ತೊಯ್ಯುವುದು ಜೀಪೇ. ಮಕ್ಕಳುಮರಿಗಳೊಡನೆ ಅದನ್ನೇರುವ ನಗರವಾಸಿಗಳಿಗೂ, ಹಿರಿಯರ ತೋಟದ ಜೀಪನ್ನು ಪ್ರೀತಿಯಿಂದ ಉಳಿಸಿಕೊಂಡವರಿಗೂ ಅದರ ಮುಂದಿನ ಚಕ್ರಗಳ ವಿಚಾರ ಒಂದಿಷ್ಟು ತಿಳಿದಿರುವುದು ಒಳಿತು.

ಮೆಕ್ಯಾನಿಕ್ಕುಗಳು ಆಕ್ಸಲ್ ಎಂದು ಕರೆಯುವ ಮುಂದಿನ ಅಚ್ಚು ಸಾಮಾನ್ಯ ಲಾರಿಯಲ್ಲಿ ಭಾರವನ್ನು ಹೊರುತ್ತದೆ, ಚಕ್ರಗಳನ್ನು ತಿರುಗಗೊಡುತ್ತದೆ. ನಾಲ್ಕೂ ಚಕ್ರಗಳು ಎಳೆಯುವ ಜೀಪಿನಲ್ಲಿ ಇವೆರಡರ ಜೊತೆಗೆ ಗಾಡಿಯನ್ನು ಎಳೆಯುವ ಕೆಲಸವೂ ಅದರ ಪಾಲಿಗೆ ಬಂದಿದೆ. ಹಳೆಯ ಮಾದರಿಗಳಲ್ಲಿ ಅಚ್ಚಿನ ಎರಡು ತುದಿಗಳಲ್ಲಿಯೂ ಉಕ್ಕಿನ ಒಂದೊಂದು ಗೋಳವಿದ್ದು, ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಕೀಲು ಅದರೊಳಗೆ ಗ್ರೀಸಿನಲ್ಲಿ ತಿರುಗುತ್ತಿರುತ್ತದೆ. ಗೋಳದ ಮೇಲೆ ಒಂದು, ಕೆಳಗೆ ಒಂದು ಕಿಂಗ್ ಪಿನ್ನು. ಪ್ರತಿಯೊಂದಕ್ಕೂ ಒಂದು ಬೇರಿಂಗು. ಅವುಗಳ ಬಿಗಿಯನ್ನು ನಿರ್ಧರಿಸುವುದು ಕಾಗದದಂತೆ ತೆಳುವಾದ ಷಿಮ್ಮುಗಳು. ಗೋಳವನ್ನು ಸುತ್ತುವರಿದ ಫೆಲ್ಟಿನ ಬಳೆಯೊಂದು ಕೆಸರನ್ನು ಹೊರಗೂ ಗ್ರೀಸನ್ನು ಒಳಗೂ ಇರಿಸುತ್ತದೆ.

ಇನ್ನು ನಮ್ಮ ಕೈಯ ಅಪ್ಪಣೆ ಚಕ್ರವನ್ನು ತಲಪುವ ದಾರಿಯನ್ನು ನೋಡೋಣ. ಸ್ಟೀರಿಂಗ್ ಬಾಕ್ಸಿನಿಂದ ಡ್ರ್ಯಾಗ್ ಲಿಂಕ್ ಎಂಬ ಸರಳು ಹೊರಟು, ನಡುವೆ ಇರುವ ಬೆಲ್ ಕ್ರ್ಯಾಂಕನ್ನು ತಳ್ಳುತ್ತದೆ; ಅಲ್ಲಿಂದ ಎರಡು ಟೈ ರಾಡುಗಳು ಎರಡು ಚಕ್ರಗಳಿಗೆ ಹೋಗುತ್ತವೆ. ಸರಳುಗಳ ತುದಿಗಳು ಆರು, ಕ್ರ್ಯಾಂಕಿನ ಗೂಟ ಒಂದು. ಒಟ್ಟು ಏಳು ಕೀಲುಗಳು. ಒಂದೊಂದರಲ್ಲಿ ಸವೆದದ್ದು ಕೂದಲೆಳೆಯಷ್ಟೇ ಇರಬಹುದು. ಆದರೆ ಏಳೂ ಒಟ್ಟುಗೂಡಿದಾಗ ಸ್ಟೀರಿಂಗು ಕೆಲವು ಅಂಗುಲ ತಿರುಗಿದರೂ ಚಕ್ರ ಅಲುಗದಿರಬಹುದು. ಒಂದು ಪಕ್ಕದಲ್ಲಿ ಕಣಿವೆ ಬಾಯ್ದೆರೆದಿರುವ ದಾರಿಯಲ್ಲಿ ಆ ಅಂಗುಲಗಳ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸವೆತ ಮುಂದುವರಿದಾಗ ಇನ್ನೊಂದು ಲಕ್ಷಣ ತೋರುತ್ತದೆ. ಒಂದು ವೇಗದಲ್ಲಿ ಚಕ್ರವು ಗುಂಡಿಗೆ ಬಿದ್ದೆದ್ದೊಡನೆ ಎರಡು ಮುಂಚಕ್ರಗಳೂ ಎಡಬಲಕ್ಕೆ ಥರಥರನೆ ಹೊಡೆದುಕೊಳ್ಳುತ್ತವೆ; ವೇಗವನ್ನು ತಗ್ಗಿಸುವವರೆಗೆ ನಿಲ್ಲುವುದಿಲ್ಲ. ಇದಕ್ಕೆ ಸ್ಟೀರಿಂಗ್ ಡ್ಯಾಂಪರ್ ಎಂಬ ಸಾಧನವನ್ನು ತೊಡಿಸಿ ಸುಮ್ಮನಾಗುವವರುಂಟು. ಸವೆದ ಕೀಲನ್ನು ಹಾಗೆಯೇ ಬಿಟ್ಟು ಡ್ಯಾಂಪರ್ ತೊಡಿಸುವುದೆಂದರೆ, ಜ್ವರದ ಕಾರಣವನ್ನು ಹುಡುಕದೆ ಹಣೆಗೆ ತಣ್ಣೀರು ಬಟ್ಟೆ ಹಾಕಿದಂತೆ.

ಪರೀಕ್ಷೆ ಕಷ್ಟದ್ದಲ್ಲ. ಸಮತಟ್ಟಾದ ನೆಲದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜ್ಯಾಕಿನಿಂದ ಎತ್ತಿ, ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು; ಬರಿಯ ಜ್ಯಾಕನ್ನು ನಂಬಿ ಯಾರೂ ಗಾಡಿಯ ಕೆಳಗೆ ಹೋಗಕೂಡದು. ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈಯಿಂದ ಹಿಡಿದು ಅಲುಗಿಸಿರಿ. ಅಲುಗಾಟ ಕಂಡರೆ ಮತ್ತೊಬ್ಬರಿಂದ ಬ್ರೇಕನ್ನು ತುಳಿಸಿರಿ. ಆಗ ಅಲುಗಾಟ ನಿಂತರೆ ದೋಷ ಚಕ್ರದ ಬೇರಿಂಗಿನಲ್ಲಿ. ನಿಲ್ಲದಿದ್ದರೆ ಕಿಂಗ್ ಪಿನ್ನಿನಲ್ಲಿ. ಬಳಿಕ ಗಾಡಿಯನ್ನು ಇಳಿಸಿ, ಒಬ್ಬರು ಸ್ಟೀರಿಂಗನ್ನು ಎಡಬಲಕ್ಕೆ ತುಸುತುಸುವೆ ತಿರುಗಿಸುತ್ತಿರಲು, ಇನ್ನೊಬ್ಬರು ಏಳು ಕೀಲುಗಳನ್ನೂ ಒಂದೊಂದಾಗಿ ಗಮನಿಸಬೇಕು. ಸರಳು ಚಲಿಸಿಯೂ ಅದರ ಮುಂದಿನ ತುಂಡು ತಡವಾಗಿ ಚಲಿಸುವ ಕಡೆ ಸವೆತವಿದೆ.

ದುರಸ್ತಿಗೂ ಒಂದು ಕ್ರಮವಿದೆ. ಮೊದಲು ಟೈರುಗಳು ಮತ್ತು ಅವುಗಳ ಗಾಳಿ, ಅನಂತರ ಚಕ್ರದ ಬೇರಿಂಗು, ಕಿಂಗ್ ಪಿನ್ನು, ಏಳು ಕೀಲುಗಳು. ಸ್ಟೀರಿಂಗ್ ಬಾಕ್ಸಿನ ಸ್ಕ್ರೂವಿಗೆ ಕೈ ಹಾಕುವುದು ಎಲ್ಲಕ್ಕೂ ಕೊನೆಯಲ್ಲಿ. ಅನೇಕರು ಮೊದಲು ಬಿಗಿಮಾಡುವುದು ಅದನ್ನೇ. ಅತಿ ಬಿಗಿಯಾದರೆ ತಿರುವಿನ ಬಳಿಕ ಸ್ಟೀರಿಂಗು ತಾನಾಗಿ ನೇರಕ್ಕೆ ಮರಳದು. ಕೊನೆಯಲ್ಲಿ ಅಲೈನ್‌ಮೆಂಟು. ಹಳೆಯ ವಿಲ್ಲಿಸ್ ಜೀಪಿನ ಮುಂಚಕ್ರಗಳು ಹಿಂಬದಿಗಿಂತ ಮುಂಬದಿಯಲ್ಲಿ ಅಂಗುಲದ 3/64ರಿಂದ 3/32 ಭಾಗದಷ್ಟು ಹತ್ತಿರವಾಗಿರಬೇಕು. ಕಿಂಗ್ ಪಿನ್ನುಗಳು ಸೈಕಲ್ಲಿನ ಮುಂಗವೆಯಂತೆ ಹಿಂದಕ್ಕೆ ವಾಲಿರಬೇಕು. ಇಲ್ಲಿ ಆ ವಾಲು 3 ಡಿಗ್ರಿ. ಸೈಕಲ್ಲು ನೇರವಾಗಿ ಸಾಗುವುದಕ್ಕೆ ಆ ಓರೆಯೂ ನೆರವಾಗುತ್ತದಲ್ಲವೆ? ಹಳೆಯ ಸ್ಪ್ರಿಂಗುಗಳು ಕುಸಿದಾಗ ಈ ವಾಲು ಕೆಡುವುದುಂಟು.

ಹಳ್ಳವನ್ನು ಹಾಯ್ದು ಬಂದ ಜೀಪಿನ ಗೋಳಗಳನ್ನು ಮರೆಯಬಾರದು. ಫೆಲ್ಟು ಹರಿದಿದ್ದರೆ ನೀರು ಒಳಸೇರಿ, ಗ್ರೀಸು ಹಾಲಿನಂತೆ ಬೆಳ್ಳಗಾಗುತ್ತದೆ; ಬೇರಿಂಗುಗಳು ತುಕ್ಕು ಹಿಡಿಯುತ್ತವೆ. ಒಣ ಟಾರು ರಸ್ತೆಯಲ್ಲಿ ನಾಲ್ಕು ಚಕ್ರಗಳ ಗಿಯರನ್ನು ಹಾಕಿ ಓಡಿಸುವುದೂ ತರವಲ್ಲ. ತಿರುವಿನಲ್ಲಿ ಮುಂಚಕ್ರಗಳು ಹಿಂಚಕ್ರಗಳಿಗಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ. ಈ ಗಾಡಿಯಲ್ಲಿ ಅದಕ್ಕೆ ಅವಕಾಶವಿಲ್ಲದ್ದರಿಂದ ಆ ಹಟವೆಲ್ಲ ಕೀಲುಗಳ ಮೇಲೆ ಬೀಳುತ್ತದೆ.

ಮಳೆಗಾಲಕ್ಕೆ ಮುನ್ನ ಒಂದು ಸಲ, ಮುಗಿದ ಮೇಲೆ ಇನ್ನೊಂದು ಸಲ ಈ ಪರೀಕ್ಷೆಗೆ ಒಂದು ಬೆಳಗನ್ನು ಮೀಸಲಿಟ್ಟರೆ ಸಾಕು. ಬೆಟ್ಟಕ್ಕೆ ಬಾಡಿಗೆ ಜೀಪನ್ನು ಹತ್ತುವಾಗಲೂ, ‘ಸ್ಟೀರಿಂಗಿನಲ್ಲಿ ಪ್ಲೇ ಎಷ್ಟಿದೆ ಅಣ್ಣ?’ ಎಂದು ಚಾಲಕನನ್ನು ಕೇಳಲು ಸಂಕೋಚಪಡಬೇಡಿರಿ. ತನ್ನ ಗಾಡಿಯನ್ನು ಬಲ್ಲವನು ಆ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಸ್ಟೀರಿಂಗನ್ನು ಅಲುಗಿಸಿಯೇ ತೋರಿಸುತ್ತಾನೆ.